ಅಡ್ಡಹೆಸರು

ನಮ್ಮ ಕಡೆ ಅಡ್ಡಹೆಸರುಗಳೆಂದರೆ ಒಂದು ಸಂತೆ.
ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಉಪ್ಪಿನ:
ಒಂದು ಬ್ಯಾಚಿನ ಹಾಜರಿ ಕೂಗಿದರೆ
ಒಂದು ಹೊತ್ತಿನ ಅಡುಗೆಗಾಗುವಷ್ಟು ಸಾಮಾನು.
ಹೊರಗಿನವರು ನಗುತ್ತಾರೆ, ನಾವೂ ನಗುತ್ತೇವೆ.
ನಗು ಬಾರದ ಹೆಸರುಗಳೂ ಇವೆ;
ಅವು ಬಂದಾಗ ಕೂಗುವವನ ದನಿ
ಒಂದಿಷ್ಟು ತಗ್ಗುತ್ತದೆ.

ಮೂವತ್ತು ವರ್ಷ ನಾನೊಂದು ಚುಕ್ಕೆಯ ಹಿಂದೆ ಇದ್ದೆ.
ಡಾ. ಕಸ್ತೂರಿ ವೈ. ಎಂ.
ಎಂ ಅಂದರೆ ಮಠದ ಇರಬೇಕು ಅಂದವರುಂಟು,
ಮುಂಡರಗಿ ಅಂದವರುಂಟು,
ಮೆಣಸಿನಕಾಯಿ ಅಂತ ತಿಳಿದು
ಬ್ಯಾಡಗಿ ಪೇಟೆಯ ದರ ಕೇಳಿದರು ಒಬ್ಬ ಪ್ರೊಫೆಸರು.
ನಾನು ಹೌದು ಅನ್ನಲಿಲ್ಲ.
ಅಲ್ಲ ಅಂತಲೂ ಅನ್ನಲಿಲ್ಲ.

ಇವತ್ತು ಫೈನಲ್ ಇಯರ್ ಪ್ರಾಕ್ಟಿಕಲ್.
ಹುಬ್ಬಳ್ಳಿಯ ಮಾರ್ಚ್. ಹೆಂಗಸರ ವಾರ್ಡಿನ ಫ್ಯಾನು
ಬಿಸಿಗಾಳಿಯನ್ನೇ ಮಗುಚಿ ಮಗುಚಿ ಹಾಕುತ್ತಿದೆ.
ಏಳನೇ ಮಂಚದ ಮೇಲೆ ಕುಂದಗೋಳದ ನೀಲವ್ವ,
ಎದೆಯಲ್ಲಿ ಪೂರ್ತಿ ತೆರೆಯದ ಒಂದು ಕವಾಟ.
ಆರು ವರ್ಷದಿಂದ ಪರೀಕ್ಷೆಗೆ ಬರುತ್ತಾಳೆ:
ನಾಷ್ಟಾ, ಬಸ್ ಚಾರ್ಜು, ಮೇಲೆ ನೂರು ರೂಪಾಯಿ.
ತನ್ನ ರೋಗದ ಹೆಸರು ಅವಳಿಗೆ ಬಾಯಿಪಾಠ.
ಮನಸ್ಸಿಗೆ ಬಂದ ಹುಡುಗರಿಗೆ ಸಣ್ಣಗೆ ಉಸುರುತ್ತಾಳೆ:
'ಮೈಟ್ರಲ್ ಐತಿ ತಮ್ಮಾ, ಎಡಕ್ಕ ಹೊಳ್ಳಿಸಿ ಕೇಳು.'
ಯಾರಿಗೆ ಹೇಳತಿ ನೀಲವ್ವಾ, ಯಾರಿಗೆ ಹೇಳೂದಿಲ್ಲ?
'ಆ ಬಟ್ಲಾ ಅಂಗೈಯಾಗ ಬೆಚ್ಚಗ ಮಾಡಿ ಇಡ್ತಾರಲ್ರಿ, ಅವ್ರಿಗೆ.
ಸೆರಗ ಸರಸೂ ಮುಂಚೆ ನನ್ನ ಮಾರಿ ನೋಡ್ತಾರಲ್ರಿ, ಅವ್ರಿಗೆ.'
ನಮ್ಮ ಅಂಕಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ನಲವತ್ತೊಂದನೇ ನಂಬರಿನ ಹುಡುಗಿ ಬಂದಳು,
ಕೋಟಿನ ತೋಳು ಉದ್ದ, ಯಾರೋ ಸೀನಿಯರದು.
ಪರದೆ ಎಳೆದಳು. ಸ್ಟೆತಸ್ಕೋಪಿನ ಬಟ್ಟಲನ್ನು
ಚಳಿಯಲ್ಲಿ ಚಾ ಕಪ್ಪು ಹಿಡಿದವರಂತೆ ಹಿಡಿದು ನಿಂತಳು.
'ಯಾವೂರವ್ವಾ? ಯಾರ ಪೈಕಿ ನೀ?'
ನನ್ನ ಪೆನ್ನು ನಿಂತಿತು.

ಇದೇ ವಾರ್ಡಿನಲ್ಲಿ, ಇದೇ ಪ್ರಶ್ನೆಗೆ
ಇಪ್ಪತ್ಮೂರರ ನಾನು ಉತ್ತರ ಕೊಟ್ಟಾಗ
ಮಂಚದ ಮೇಲಿನ ಹಿರಿಯಳು ತನ್ನ ತಂಬಿಗೆಯನ್ನು
ಈ ಬದಿಯಿಂದ ಆ ಬದಿಗೆ ಇಟ್ಟಿದ್ದಳು. ಅಷ್ಟೇ.
ಗುಲ್ಮ ಎರಡು ಬೆರಳು ಅಂತ ಬರೆದೆ. ಸರಿ ಇತ್ತು.
ಆಮೇಲೆ ಚುಕ್ಕೆ ಇಟ್ಟೆ.

'ಗದಗ ಕಡೆ ತಾಂಡಾ ಅಜ್ಜಿ. ಲಂಬಾಣ್ಯಾರ ಪೈಕಿ,'
ನಾಡಿ ಎಣಿಸುತ್ತಲೇ ಅಂದಳು ಹುಡುಗಿ.
ನಾನು ಸ್ಟೂಲಿನ ಮೇಲಿನ ತಂಬಿಗೆಯನ್ನೇ ನೋಡುತ್ತಿದ್ದೆ.
ನೀಲವ್ವ ಏನೋ ಯೋಚಿಸಿದಳು,
ಒಂದು ಬಡಿತ ತಪ್ಪುವಷ್ಟು ಹೊತ್ತು.
ಆಮೇಲೆ 'ಮೈ...' ಅಂತ ತುಟಿ ತೆರೆದಳು.
'ಬ್ಯಾಡ ಅಜ್ಜಿ. ನಾನಽ ಕೇಳ್ತೀನಿ.'

ಹೊರಗಿನ ಪರೀಕ್ಷಕರು ಬಂದರು. ಸದ್ದು ಹೇಗಿದೆ?
'ರಾತ್ರಿ ದೂರದಾಗ ಗೂಡ್ಸ್ ಗಾಡಿ ಹೋದಂಗ ಸರ್.'
ಯಾವ ಪುಸ್ತಕದಲ್ಲಿದೆ?
'ಹಳಿ ಬಾಜೂಕ ನಮ್ಮ ಮನಿ ಸರ್.'
ಅವರು ನಗಲಿಲ್ಲ. ಕನ್ನಡಕ ತಗ್ಗಿಸಿದರು.
'ಅಡ್ಡಹೆಸರು?'
ಕೇಳಬಾರದು. ನಿಯಮವಿದೆ, ನನ್ನ ಫೈಲಿನಲ್ಲೇ ಇದೆ.
ನನ್ನ ಬಾಯಿ ತೆರೆಯಲಿಲ್ಲ, ನೀಲವ್ವನ ಕವಾಟದಂತೆ.
'ಲಮಾಣಿ ಸರ್. ರೋಹಿಣಿ ಢಾಕಪ್ಪ ಲಮಾಣಿ.'
ದನಿ ಏರಲಿಲ್ಲ, ತಗ್ಗಲೂ ಇಲ್ಲ.
'ಬರ್ಕೋತೀರೇನ್ರಿ?'

ಚಾದ ಹೊತ್ತಿಗೆ ಅವರೇ ಅಂದರು:
ಸುಮ್ಮನೆ ಕೇಳಿದೆ ಮೇಡಂ, ಎಲ್ಲರ ರಕ್ತವೂ ಕೆಂಪೇ ಅಲ್ಲವೇ?
ರಕ್ತಕ್ಕೂ ಗುಂಪುಗಳಿವೆ ಸರ್, ಅಂದೆ,
ತಾಳೆ ನೋಡದೆ ಏರಿಸಿದರೆ ಮನುಷ್ಯ ಸಾಯುತ್ತಾನೆ.
ಅದನ್ನು ಕೇಳಲೇಬೇಕು. ಇದನ್ನು ಯಾಕೆ ಕೇಳಿದಿರಿ?
ಈ ಕೊನೆಯ ಸಾಲು
ಮನಸ್ಸಿನಲ್ಲೇ ಅಂದದ್ದು, ಖರೇ ಹೇಳಬೇಕೆಂದರೆ.

ಸಂಜೆ ಅಂಕಪಟ್ಟಿಗೆ ಸಹಿ.
ಕಸ್ತೂರಿ ಯಲ್ಲಪ್ಪ ಮಾದರ.
ಚೌಕ ಸಣ್ಣದು; 'ಮಾ' ಒಳಗುಳಿದು
'ದರ' ಗೆರೆ ದಾಟಿ ಷರಾ ಕಾಲಮಿಗೆ ಹೋಯಿತು.
ಗುಮಾಸ್ತ ನೋಡಿದ, ಮತ್ತೊಮ್ಮೆ ನೋಡಿದ.
'ಮೇಡಂ, ರಿಕಾರ್ಡಿನ ಸಹಿಗೆ ಇದು ತಾಳೆ ಆಗೂದಿಲ್ರಿ.
ವಾಪಸ್ ಬರತೈತಿ.'

ಬರಲಿ, ಅಂದೆ.
ಪೆನ್ನಿನ ಟೋಪಿ ಇನ್ನೂ ಹಾಕಿರಲಿಲ್ಲ.